ಜೀಬ್ರಾ ಪ್ಲೆಕೊ: ಮರಿಯೊಡನೆ ದಾಖಲೆಯೂ ಬೇಕು

ಮನೆಯ ಅಕ್ವೇರಿಯಂಗಾಗಿ ದುಬಾರಿ ಬೆಲೆಗೆ ಮಾರಾಟವಾಗುವ ಬೆಕ್ಕುಮೀನುಗಳಲ್ಲಿ ಕಪ್ಪು-ಬಿಳಿ ಪಟ್ಟೆಗಳ ಜೀಬ್ರಾ ಪ್ಲೆಕೊ ಪ್ರಮುಖವಾದುದು. ಬ್ರೆಜಿಲ್‌ನ ಷಿಂಗು ನದಿಯ ಒಂದು ಭಾಗವೇ ಇದರ ಏಕೈಕ ನೈಸರ್ಗಿಕ ನೆಲೆ. ಬೆಲೊ ಮೊಂಟೆ ಅಣೆಕಟ್ಟೆಯಿಂದಾಗಿ ಅಲ್ಲಿನ ಹರಿವು ಕುಗ್ಗಿದೆ. ಬ್ರೆಜಿಲ್ 2004ರಲ್ಲಿ ಈ ಮೀನನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿತು. ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟ್ಸ್ 2022ರಲ್ಲಿ ಇದನ್ನು ಎರಡನೆಯ ಅನುಬಂಧಕ್ಕೆ ಸೇರಿಸಿ, ನದಿಯಲ್ಲಿ ಹಿಡಿದ ಮೀನಿನ ವಾಣಿಜ್ಯ ರಫ್ತಿನ ಪ್ರಮಾಣವನ್ನು ಶೂನ್ಯಕ್ಕೆ ನಿಗದಿಪಡಿಸಿತು. ಆದುದರಿಂದ ವ್ಯಾಪಾರಕ್ಕೆ ಉಳಿದಿರುವುದು ಸಾಕಣೆಯ ಮರಿಗಳು ಮಾತ್ರ.

ಇವುಗಳ ಪೂರೈಕೆ ನಿಧಾನವಾದುದು. ಹೆಣ್ಣು ಒಂದು ಸಲಕ್ಕೆ ಇಡುವ ಮೊಟ್ಟೆಗಳು ಸಾಮಾನ್ಯವಾಗಿ ಹತ್ತು-ಹದಿನೈದರಷ್ಟೇ. ಗಂಡು ಅವುಗಳನ್ನು ಪೊಟರೆಯೊಳಗೆ ಕಾಯುತ್ತದೆ. ಮರಿಗಳ ಬೆಳವಣಿಗೆಯೂ ಮಂದಗತಿಯದು. ಬೆಲೆ ಏರಿರುವುದಕ್ಕೂ ಕಳ್ಳಸಾಗಣೆ ನಿಲ್ಲದಿರುವುದಕ್ಕೂ ಇದೂ ಒಂದು ಕಾರಣ.

ಮೀನನ್ನು ನೋಡಿ ಮೂಲವನ್ನು ನಿರ್ಧರಿಸಲಾಗದು, ದಾಖಲೆಯೇ ಆಧಾರ. ಸೈಟ್ಸ್ ಪರವಾನಗಿಯಲ್ಲಿ ಮೂಲಸಂಕೇತವಿರುತ್ತದೆ: ‘ಸಿ’ ಎಂದರೆ ಸಾಕಣೆಯಲ್ಲಿ ವೃದ್ಧಿಯಾದದ್ದು, ‘ಡಬ್ಲ್ಯೂ’ ಎಂದರೆ ಪ್ರಕೃತಿಯಿಂದ ಹಿಡಿದದ್ದು. ಇದರೊಡನೆ ಸಾಕಣೆದಾರರ ವಿವರ, ತಾಯಿ-ತಂದೆ ಮೀನುಗಳ ಮೂಲ ಹಾಗೂ ಮರಿಯಾದ ದಿನಾಂಕವನ್ನು ಕೇಳಿ ಪಡೆಯಬೇಕು. ಭಾರತದಲ್ಲಿ 2022ರ ತಿದ್ದುಪಡಿಯ ನಂತರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಸೈಟ್ಸ್ ಪಟ್ಟಿಯ ಜೀವಿಗಳ ಸ್ವಾಧೀನವನ್ನೂ ನಿಯಂತ್ರಿಸುತ್ತದೆ. ದಾಖಲೆಯಿಲ್ಲದ ಅಗ್ಗದ ಮರಿ ಕೊನೆಗೆ ದುಬಾರಿಯಾದೀತು.