ಹೇಳದ ಸಾಲ, ಹೋಗದ ಯೋಚನೆ

ಸಂಘದ ಅಕ್ಕ-ತಂಗಿಯರೇ,

ನಮ್ಮ ದಂಡಿಗನಹಳ್ಳಿ ಕಡೆ ಮನೆಯವರಿಗೆ ಗೊತ್ತಿಲ್ಲದೆ ಇನ್ನೊಂದು ಕಡೆ ಸಾಲ ಎತ್ತಿದವರಿದ್ದೀರಿ. ಯಾರೂ ಕೇಳದಿದ್ರೂ, ಹಾಲು ಕರೆಯುವಾಗ, ಪಾತ್ರೆ ಬೆಳಗುವಾಗ ಕಂತಿನ ದಿನವೇ ಕಣ್ಮುಂದೆ ಬರುತ್ತೆ ಅಲ್ವಾ? ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಮೈಕೆಲ್ ಸ್ಲೆಪಿಯನ್ ಮತ್ತು ಸಂಗಡಿಗರು 2017ರಲ್ಲಿ ತೋರಿಸಿದ್ದೂ ಇದನ್ನೇ. ಗುಟ್ಟನ್ನು ಜನರೆದುರು ಮುಚ್ಚಿಡುವ ಸಂದರ್ಭ ಕಡಿಮೆ. ಒಬ್ಬರೇ ಇದ್ದಾಗ ಅದನ್ನೇ ಮೆಲುಕು ಹಾಕುವುದು ಹೆಚ್ಚು. ನೆಮ್ಮದಿ ಕೆಡುವುದೂ ಈ ಮೆಲುಕಿನಿಂದಲೇ.

ಹಾಗಂತ ಊರಿಗೆಲ್ಲ ಹೇಳಬೇಕಿಲ್ಲ. ಸಾಲ ಎಷ್ಟು, ಕಂತು ಎಷ್ಟು ಅಂತ ನಂಬಿಕೆಯ ಒಬ್ಬರ ಹತ್ತಿರ ಬಿಡಿಸಿ ಹೇಳಿ. ಮನಸ್ಸು ಹಗುರಾಗುತ್ತೆ, ದಾರಿಯೂ ಹೊಳೆಯಬಹುದು. ಕೇಳಿಸಿಕೊಂಡವರು ಮಾತ್ರ ನಲ್ಲಿ ಹತ್ತಿರ ಆಡಬಾರದು! ಯಾರಿಗೂ ಹೇಳಲಾಗದಿದ್ರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು-ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.