ಬದಲಿಸುವ ಅಲಗು: ಲೋಹ ಕತ್ತರಿಸುವ ಉಪಕರಣಗಳ ವಿನ್ಯಾಸ ಮತ್ತು ವೃತ್ತಿಜ್ಞಾನ

ಭೌತಿಕ ಸಂಸ್ಕೃತಿಯ ಅಧ್ಯಯನದಲ್ಲಿ ಉಪಕರಣವನ್ನು ಅಖಂಡ ವಸ್ತುವೆಂದು ಭಾವಿಸಿ ವಿವರಿಸುವುದು ರೂಢಿಯಾಗಿದೆ. ನೇಗಿಲು, ಕುಂಟೆ, ಉಜ್ಜುಗೊರಡು ಮುಂತಾದವುಗಳ ಅಳತೆ, ಮರದ ಜಾತಿ, ಪ್ರಾದೇಶಿಕ ಹೆಸರುಗಳು ದಾಖಲಾಗುತ್ತವೆ. ಆದರೆ ಇವುಗಳಲ್ಲಿ ಕೆಲಸ ಮಾಡುವ ಭಾಗ ಒಂದು, ಅದನ್ನು ಹೊತ್ತು ನಿಲ್ಲುವ ಭಾಗ ಇನ್ನೊಂದು ಎಂಬ ಸಂಗತಿಯ ಕಡೆಗೆ ಗಮನ ಹರಿದಿರುವುದು ಕಡಿಮೆ. ನೇಗಿಲ ಮರ ವರ್ಷಗಟ್ಟಲೆ ಬಾಳುತ್ತದೆ, ಗುಳ ಸವೆಯುತ್ತದೆ. ಸವೆಯುವುದನ್ನು ಬಾಳುವುದರಿಂದ ಬೇರ್ಪಡಿಸಿ, ಬೇಕೆಂದಾಗ ಬದಲಿಸಿಕೊಳ್ಳುವಂತೆ ಜೋಡಿಸುವುದು ಬಹು ಹಳೆಯ ವಿನ್ಯಾಸತತ್ತ್ವ. ಯಂತ್ರಶಾಲೆಗಳಲ್ಲಿ ಇಂದು ಬಳಕೆಯಲ್ಲಿರುವ, ಬದಲಿಸಬಹುದಾದ ಇನ್ಸರ್ಟುಗಳುಳ್ಳ ಟೂಲುಗಳು ಇದೇ ತತ್ತ್ವವನ್ನು ಅದರ ಕೊನೆಯವರೆಗೆ ಒಯ್ದಿವೆ. ಇದರಿಂದಾಗಿ ಅಲಗಿನ ಕುರಿತ ಅರಿವು ಕುಶಲಕರ್ಮಿಯ ಕೈಯಿಂದ ವಿನ್ಯಾಸಕಾರನ ನಕ್ಷೆಗೆ ಹೇಗೆ ಸರಿಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ನೇಗಿಲನ್ನೇ ನೋಡಬಹುದು. ಪಟ್ಟಿಯಾಕಾರದ ಗುಳವುಳ್ಳ ದೇಸಿ ನೇಗಿಲಿನಲ್ಲಿ ಗುಳವು ಮರದಲ್ಲಿ ತೋಡಿದ ತಗ್ಗಿನಲ್ಲಿ ಕುಳಿತಿರುತ್ತದೆ. ಕಬ್ಬಿಣದ ಬಳೆ ಅಥವಾ ಬೆಣೆ ಅದನ್ನು ಹಿಡಿದಿರುತ್ತದೆ. ಉಳುವಾಗ ಮಣ್ಣು ಗುಳವನ್ನು ಹಿಂದಕ್ಕೆ ಒತ್ತುತ್ತದೆ. ಆ ಒತ್ತಡವೇ ಗುಳವನ್ನು ಇನ್ನಷ್ಟು ಭದ್ರವಾಗಿ ಕೂರಿಸುತ್ತದೆ. ಬಳೆಯ ಕೆಲಸ ಗುಳ ಜಾರದಂತೆ ತಡೆಯುವುದಷ್ಟೆ; ಭಾರ ಹೊರುವುದು ಮರ. ಮೊನೆ ಸವೆದಂತೆ ಪಟ್ಟಿಯನ್ನು ಮುಂದಕ್ಕೆ ಸರಿಸಿ, ತೀರ ಮೊಂಡಾದಾಗ ಕುಲುಮೆಗೆ ಒಯ್ದು ಗುಳ ಬಡಿಸಲಾಗುತ್ತಿತ್ತು. ಅದಕ್ಕೆ ಪ್ರತಿಯಾಗಿ ಸುಗ್ಗಿಯಲ್ಲಿ ಕಮ್ಮಾರನಿಗೆ ಆಯ ಸಲ್ಲುತ್ತಿತ್ತು. ಸವೆಯುವ ಒಂದು ಕಬ್ಬಿಣದ ತುಂಡು ಒಕ್ಕಲಿಗನನ್ನೂ ಕಮ್ಮಾರನನ್ನೂ ವರ್ಷವಿಡೀ ಒಂದು ಸಂಬಂಧದಲ್ಲಿ ಬಿಗಿದಿತ್ತು. ‘ಹದ’ ಎಂಬ ಮಾತು ಮಣ್ಣಿಗೂ ಉಕ್ಕಿಗೂ ಸಮಾನವಾಗಿ ಸಲ್ಲುವುದನ್ನು ಇಲ್ಲಿ ನೆನೆಯಬಹುದು.

ಲೇತಿನ ಟೂಲು ಬಹುಕಾಲ ಹೀಗಿರಲಿಲ್ಲ. ಉಕ್ಕಿನ ಸರಳಿನ ತುದಿಯನ್ನೇ ಸಾಣೆ ಹಿಡಿದು ಅಲಗು ಮಾಡಿಕೊಳ್ಳುವುದು ವಾಡಿಕೆಯಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಮೆರಿಕದ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯಲ್ಲಿ ಫ್ರೆಡರಿಕ್ ಟೇಲರ್ ಮತ್ತು ಮಾನ್ಸೆಲ್ ವೈಟ್ ನಡೆಸಿದ ಪ್ರಯೋಗಗಳಿಂದ, ಕೆಂಪಗೆ ಕಾದರೂ ಹರಿತ ಕಳೆದುಕೊಳ್ಳದ ಹೈಸ್ಪೀಡ್ ಉಕ್ಕು ಬಳಕೆಗೆ ಬಂದಿತು. 1923ರಲ್ಲಿ ಜರ್ಮನಿಯ ಓಸ್ರಾಂ ಸಂಸ್ಥೆಯ ಕಾರ್ಲ್ ಶ್ರೋಟರ್, ಟಂಗ್‌ಸ್ಟನ್ ಕಾರ್ಬೈಡಿನ ಪುಡಿಯನ್ನು ಕೋಬಾಲ್ಟಿನೊಡನೆ ಒತ್ತಿ ಕಾಯಿಸಿ ಗಟ್ಟಿಗೊಳಿಸುವ ವಿಧಾನವನ್ನು ರೂಪಿಸಿದನು. ಕ್ರುಪ್ ಸಂಸ್ಥೆ ಇದನ್ನು ‘ವಿಡಿಯಾ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ‘ವಜ್ರದಂತೆ’ ಎಂಬರ್ಥದ ಜರ್ಮನ್ ಪದಗಳಿಂದ ಈ ಹೆಸರು ಹುಟ್ಟಿದೆ.

ಕಾರ್ಬೈಡು ಗಟ್ಟಿ, ಆದರೆ ಬಿರುಸು, ಬೆಲೆಯೂ ಹೆಚ್ಚು. ಆದುದರಿಂದ ಅದರ ಸಣ್ಣ ತುಂಡನ್ನು ಉಕ್ಕಿನ ದಂಡದ ತುದಿಗೆ ಬೆಸೆಯುವ ಪದ್ಧತಿ ಬಂದಿತು. ಕಾಯಿಸಿದಾಗ ಉಕ್ಕು ಕಾರ್ಬೈಡಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಬೆಸುಗೆ ಆರುವಾಗ ಉಕ್ಕು ಹೆಚ್ಚು ಕುಗ್ಗಿ, ಒಳಗೆ ಉಳಿಯುವ ಎಳೆತದಿಂದ ತುಂಡು ಬಿರುಕು ಬಿಡುತ್ತಿತ್ತು. ಮೊಂಡಾದಾಗ ಅದನ್ನು ವಿಶೇಷ ಸಾಣೆಗಲ್ಲಿನಲ್ಲಿ ಮಸೆಯಬೇಕಿತ್ತು. ಮಸೆದ ಮೇಲೆ ಮೊನೆಯ ಸ್ಥಾನ ಬದಲಾಗುವುದರಿಂದ ಯಂತ್ರವನ್ನು ಮತ್ತೆ ಹೊಂದಿಸಬೇಕಿತ್ತು. ಈ ತೊಡಕುಗಳಿಗೆ ಉತ್ತರವಾಗಿ 1950ರ ದಶಕದಲ್ಲಿ ಇನ್ಸರ್ಟು ಬಳಕೆಗೆ ಬಂದಿತು: ಬೆಸೆಯುವ ಬದಲು ಬಿಗಿಯುವುದು, ಮಸೆಯುವ ಬದಲು ಇನ್ನೊಂದು ಮೂಲೆಗೆ ತಿರುಗಿಸುವುದು, ಎಲ್ಲ ಮೂಲೆಗಳೂ ಮುಗಿದ ಮೇಲೆ ತೆಗೆದುಹಾಕುವುದು.

ಇಲ್ಲಿಂದ ವಿನ್ಯಾಸದ ಕೇಂದ್ರ ಅಲಗಿನಿಂದ ಅಲಗು ಕೂರುವ ಪೀಠಕ್ಕೆ ಸರಿಯುತ್ತದೆ. ಪೀಠವೆಂದರೆ ಒಂದು ನೆಲ, ಎರಡು ಗೋಡೆ. ಕತ್ತರಿಸುವಾಗ ಹುಟ್ಟುವ ಬಲದ ಮುಖ್ಯ ಪಾಲು ಇನ್ಸರ್ಟನ್ನು ನೆಲಕ್ಕೆ ಒತ್ತುತ್ತದೆ. ಉಳಿದ ಪಾಲು ಅದನ್ನು ಗೋಡೆಗಳ ಕಡೆಗೆ ತಳ್ಳುವಂತೆ ಗೋಡೆಗಳ ದಿಕ್ಕನ್ನು ನಿರ್ಧರಿಸಬೇಕು. ಬಿಗಿಯುವ ತಿರುಪು ಈ ಬಲವನ್ನು ಹೊರಬಾರದು. ಅದಕ್ಕಾಗಿ ಪೀಠದ ತಿರುಪಿನ ರಂಧ್ರವನ್ನು ಇನ್ಸರ್ಟಿನ ರಂಧ್ರದ ನೇರಕ್ಕಿಂತ ಕೂದಲೆಳೆಯಷ್ಟು ಒಳಮೂಲೆಯ ಕಡೆಗೆ ಸರಿಸಿ ಕೊರೆಯುತ್ತಾರೆ. ತಿರುಪನ್ನು ಬಿಗಿದಾಗ ಅದರ ಇಳಿಜಾರಾದ ತಲೆ ಇನ್ಸರ್ಟನ್ನು ಎರಡೂ ಗೋಡೆಗಳಿಗೆ ಎಳೆದು ಕೂರಿಸುತ್ತದೆ. ನೇಗಿಲ ಬಳೆಯ ತರ್ಕವೇ ಇಲ್ಲಿಯೂ ಇದೆ.

ಗೋಡೆಗಳು ಕೂಡುವ ಮೂಲೆಯನ್ನು ಮಾತ್ರ ಬೇಕೆಂದೇ ಟೊಳ್ಳು ಬಿಡಲಾಗುತ್ತದೆ. ಅಲ್ಲಿ ಅಡಗಿರುವುದು ಮುಂದೆ ಬಳಸಬೇಕಾದ ಮೊನೆ; ಅದು ಉಕ್ಕಿಗೆ ತಾಗಿದರೆ ಕೆಲಸಕ್ಕೆ ಬರುವ ಮೊದಲೇ ಚಕ್ಕೆ ಏಳುತ್ತದೆ, ಇನ್ಸರ್ಟು ಗೋಡೆಗಳಿಗೆ ಪೂರ್ತಿ ಒರಗದೆ ಅಲುಗಾಡುತ್ತದೆ. ಕಾರ್ಬೈಡು ಒತ್ತುವಿಕೆಯನ್ನು ಚೆನ್ನಾಗಿ ತಡೆಯುತ್ತದೆ, ಬಾಗುವಿಕೆಯನ್ನು ತಡೆಯದು. ಪೀಠದ ನೆಲದಲ್ಲಿ ಲೋಹದ ಒಂದು ಚೂರು ಸಿಕ್ಕಿಕೊಂಡರೂ ಸಾಕು, ಇನ್ಸರ್ಟು ಅದರ ಮೇಲೆ ಬಾಗಿ ಮುರಿಯುತ್ತದೆ. ಮೊನೆ ಬದಲಿಸುವ ಮೊದಲು ಪೀಠವನ್ನು ಒರೆಸುವುದು ಆದುದರಿಂದ ಕೇವಲ ಶುಚಿತ್ವದ ಮಾತಲ್ಲ. ಇನ್ಸರ್ಟಿನ ಕೆಳಗೆ ಕಾರ್ಬೈಡಿನದೇ ಒಂದು ತಟ್ಟೆಯನ್ನು ಇಡುವ ಕ್ರಮವೂ ಇದೆ. ಇನ್ಸರ್ಟು ಮುರಿದರೆ ಪೆಟ್ಟು ತಿನ್ನುವುದು ಅಗ್ಗದ ಆ ತಟ್ಟೆ, ದುಬಾರಿಯಾದ ದಂಡವಲ್ಲ. ಸವೆಯುವುದನ್ನು ಬೇರ್ಪಡಿಸುವ ತತ್ತ್ವ ಇಲ್ಲಿ ಇನ್ನೊಂದು ಮೆಟ್ಟಿಲು ಕೆಳಗಿಳಿದಿದೆ.

ಇನ್ಸರ್ಟಿನ ಆಕಾರದಲ್ಲಿ ಯಾವಾಗಲೂ ಒಂದು ಕೊಡು-ಕೊಳೆ ಇರುತ್ತದೆ. ಪಕ್ಕಗಳು ನೇರವಾಗಿದ್ದರೆ ಅದನ್ನು ಮಗುಚಿ ಎರಡೂ ಮುಖಗಳನ್ನು ಬಳಸಬಹುದು: ಚೌಕಕ್ಕೆ ಎಂಟು ಮೊನೆ, ತ್ರಿಕೋನಕ್ಕೆ ಆರು. ಆದರೆ ಪಕ್ಕ ಕೆಲಸದ ಲೋಹಕ್ಕೆ ಉಜ್ಜದಿರಲು ಅದನ್ನು ಪೀಠದಲ್ಲಿ ಸುಮಾರು 6 ಡಿಗ್ರಿ ವಾಲಿಸಿ ಕೂರಿಸಬೇಕು; ಹಾಗೆ ವಾಲಿದ ಅಲಗು ಗಟ್ಟಿಮುಟ್ಟಾದರೂ ಲೋಹವನ್ನು ಹೆಚ್ಚು ಬಲದಿಂದ ತಳ್ಳುತ್ತದೆ. ಸಪೂರ ಕೆಲಸಕ್ಕೆ ಅದು ಒಗ್ಗದು. ಪಕ್ಕಗಳೇ ಓರೆಯಾಗಿರುವ ಇನ್ಸರ್ಟು ಬೇಕಾಗುತ್ತದೆ, ಮೊನೆಗಳ ಸಂಖ್ಯೆ ಅರ್ಧಕ್ಕೆ ಇಳಿಯುತ್ತದೆ. ಮೊನೆಗಳ ಲೆಕ್ಕವನ್ನಷ್ಟೇ ನೋಡಿ ಕೊಳ್ಳುವುದು ಜಾಣತನವಲ್ಲ.

ಇವೆಲ್ಲ ಒಂದು ಅಂತರರಾಷ್ಟ್ರೀಯ ಸಂಕೇತದಲ್ಲಿ ಅಡಕವಾಗಿವೆ. ‘ಸಿಎನ್‌ಎಂಜಿ 120408’ ಎಂದರೆ 80 ಡಿಗ್ರಿ ಮೂಲೆಯ ವಜ್ರಾಕೃತಿ, ಓರೆಯಿಲ್ಲದ ಪಕ್ಕ, ಅಳತೆಯ ನಿಗದಿತ ಸಡಿಲ, ನಡುವೆ ರಂಧ್ರ ಮತ್ತು ಎರಡೂ ಮುಖಗಳಲ್ಲಿ ಸಿಪ್ಪೆ ಮುರಿಯುವ ತೋಡು. ಅಂಚು ಸುಮಾರು 12.9 ಮಿ.ಮೀ., ದಪ್ಪ 4.76 ಮಿ.ಮೀ., ಮೊನೆಯ ದುಂಡು 0.8 ಮಿ.ಮೀ. ಹೊರಗಿನವರಿಗೆ ಇದು ಒಗಟು. ಬಲ್ಲವರಿಗೆ ಇನ್ಸರ್ಟಿನ ಕುಲಗೋತ್ರ. ಹಿಂದೆ ಟರ್ನರ್ ಸಾಣೆಗಲ್ಲಿನ ಮುಂದೆ ನಿಂತು, ಹಿತ್ತಾಳೆಗೆ ಚಪ್ಪಟೆ, ಅಲ್ಯೂಮಿನಿಯಮ್ಮಿಗೆ ಚೂಪು ಎಂದು ಕಣ್ಣಳತೆಯಿಂದ ಕೊಡುತ್ತಿದ್ದ ಕೋನಗಳು ಈಗ ಅಚ್ಚಿನಲ್ಲಿಯೇ ಮೂಡಿರುತ್ತವೆ.

ಈ ಬದಲಾವಣೆಯ ಹಿಂದೆ ಹೊತ್ತಿನ ಲೆಕ್ಕಾಚಾರವಿದೆ. ವೇಗ ಹೆಚ್ಚಿದಂತೆ ಅಲಗಿನ ಆಯುಸ್ಸು ಬಹುಬೇಗ ಕುಗ್ಗುತ್ತದೆ ಎಂಬುದನ್ನು ಟೇಲರ್ 1907ರಲ್ಲಿಯೇ ಸೂತ್ರವಾಗಿ ನೀಡಿದ್ದನು. ಮೊನೆ ಬದಲಿಸಲು ಒಂದೆರಡು ನಿಮಿಷ ಸಾಕಾದರೆ ಅಲಗನ್ನು ಜೋಪಾನ ಮಾಡುವ ಅಗತ್ಯ ತಗ್ಗುತ್ತದೆ. ತಯಾರಕರ ಪಟ್ಟಿಗಳಲ್ಲಿ ಸೂಚಿಸುವ ವೇಗಗಳು ಅನೇಕ ವೇಳೆ ಒಂದು ಮೊನೆಗೆ 15 ನಿಮಿಷದ ಬಾಳಿಕೆಯನ್ನು ಆಧರಿಸಿವೆ. ಅಲಗನ್ನು ಉಳಿಸುವ ಜಾಣ್ಮೆಗಿಂತ ಖರ್ಚು ಮಾಡುವ ಜಾಣ್ಮೆಗೆ ಬೆಲೆ ಬಂದಿದೆ.

ಕರ್ನಾಟಕಕ್ಕೆ ಈ ಕಥನದೊಡನೆ ನೇರ ನಂಟಿದೆ. ಬೆಂಗಳೂರಿನಲ್ಲಿ 1953ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸ್ಥಾಪನೆಯಾಯಿತು. 1964ರಲ್ಲಿ ಆರಂಭವಾದ ವಿಡಿಯಾ ಇಂಡಿಯಾ ಕಂಪನಿ ಇಂದು ಕೆನ್ನಮೆಟಲ್ ಇಂಡಿಯಾ ಆಗಿದೆ. ಕಂಪನಿಯ ಹೆಸರು ಬದಲಾದರೂ ಮಾತಿನಲ್ಲಿ ‘ವಿಡಿಯಾ’ ಉಳಿದಿದೆ: ಯಾರು ತಯಾರಿಸಿದರೂ ಕಾರ್ಬೈಡೆಲ್ಲ ವಿಡಿಯಾ, ಗೋಡೆ ಕೊರೆಯುವ ಬಿಟ್ಟೂ ವಿಡಿಯಾ. ಜರ್ಮನ್ ವ್ಯಾಪಾರನಾಮವೊಂದು ಇಲ್ಲಿನ ವೃತ್ತಿಪದವಾಗಿ ನೆಲೆಯೂರಿದ ಬಗೆ ಪದಕೋಶಕಾರರ ಗಮನಕ್ಕೆ ಬರಬೇಕಾದುದು.

ಟೂಲು ಮಸೆಯುವ ಪಾಠ ಐಟಿಐ ತರಬೇತಿಯಲ್ಲಿ ಇನ್ನೂ ಇದೆಯಾದರೂ, ಇನ್ಸರ್ಟು ಬಳಸುವ ಕಾರ್ಖಾನೆಯಲ್ಲಿ ಅದಕ್ಕೆ ಅವಕಾಶ ಅಲ್ಪ. ಉಳಿದಿರುವುದು ಇನ್ನೊಂದು ಬಗೆಯ ಅರಿವು: ಸಿಪ್ಪೆಯ ಬಣ್ಣ ನೀಲಿಗೆ ತಿರುಗಿತೆ, ಅದು ತುಂಡಾಗಿ ಉದುರುತ್ತಿದೆಯೆ ಸಿಂಬಿ ಸುತ್ತುತ್ತಿದೆಯೆ, ಕತ್ತರಿಸುವ ಸದ್ದು ಕೀರಲಾಯಿತೆ ಎಂಬುದನ್ನು ಓದಿ ಮೊನೆ ತಿರುಗಿಸುವ ಹೊತ್ತನ್ನು ಅರಿಯುವುದು. ಈ ಅರಿವು ವಸ್ತುವಿನಲ್ಲಿ ಉಳಿಯುವುದಿಲ್ಲ. ಮಸೆದ ಟೂಲಿನ ಮೇಲೆ ಮಸೆದವನ ಕೈಗುರುತು ಇರುತ್ತಿತ್ತು, ಇನ್ಸರ್ಟಿನ ಮೇಲೆ ಸವೆತದ ಗುರುತು ಮಾತ್ರ. ಅದೂ ಬಹುಕಾಲ ಕೈಗೆ ಸಿಕ್ಕುವುದಿಲ್ಲ. ಟಂಗ್‌ಸ್ಟನ್ ಮತ್ತು ಕೋಬಾಲ್ಟಿನ ಬೆಲೆಯಿಂದಾಗಿ ಬಳಸಿದ ಇನ್ಸರ್ಟುಗಳನ್ನು ಡಬ್ಬಿಗಳಲ್ಲಿ ಕೂಡಿಟ್ಟು ತೂಕಕ್ಕೆ ಮಾರುತ್ತಾರೆ. ಅವು ಮತ್ತೆ ಪುಡಿಯಾಗಿ, ಮತ್ತೆ ಅಲಗಾಗಿ ಬರುತ್ತವೆ.