ಟಿಕೆಟ್ ಇಲ್ಲದ ಅರಮನೆ

ಹಂಪಿಗೆ ಹೋಗಿ ಬಂದವರನ್ನು ಏನೇನು ನೋಡಿದಿರಿ ಎಂದು ಕೇಳಿದರೆ ಕಲ್ಲಿನ ರಥ, ಕಮಲ ಮಹಲು, ಆನೆಲಾಯ, ವಿರೂಪಾಕ್ಷನ ಗೋಪುರ ಎಂಬ ಉತ್ತರ ಸಿದ್ಧವಾಗಿರುತ್ತದೆ. ರಾಯರ ಅರಮನೆಯನ್ನು ನೋಡಿದಿರಾ ಎಂದರೆ ಮಾತ್ರ ‘ಅಲ್ಲೇನಿದೆ, ಬರೀ ಕಟ್ಟೆಗಳು’ ಎನ್ನುತ್ತಾರೆ. ಎರಡು ಶತಮಾನಗಳಿಗೂ ಮಿಕ್ಕಿ ದಕ್ಷಿಣ ಭಾರತದ ಬಹುಭಾಗವನ್ನು ಆಳಿದ ಸಾಮ್ರಾಜ್ಯದ ಆಡಳಿತ ಕೇಂದ್ರಕ್ಕೆ ಸಲ್ಲುವ ಷರಾ ಇಷ್ಟೇ.

ನಮ್ಮ ಕುಮಾರಪಟ್ಟಣದಿಂದ ಹಂಪಿ ದೂರವೇನಲ್ಲ. ಹೊಳೆ ದಾಟಿ ಹರಿಹರ ಸೇರಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಮಾರ್ಗವಾಗಿ ಹೊಸಪೇಟೆ ತಲುಪಿದರಾಯಿತು. ನಮ್ಮೂರ ದಡವನ್ನು ತೊಳೆದು ಹೋಗುವ ತುಂಗಭದ್ರೆಯೇ ಮುಂದೆ ಜಲಾಶಯದಲ್ಲಿ ತಂಗಿ ಹಂಪಿಯ ಬಂಡೆಗಳ ನಡುವೆ ಇಳಿಯುತ್ತಾಳೆ. ಆದ್ದರಿಂದಲೇ ನಮ್ಮ ಭಾಗದವರಿಗೆ ಹಂಪಿ ಎಂದರೆ ಒಂದು ದಿನದ ಬಾಬತ್ತು. ಈ ಚಳಿಗಾಲಕ್ಕೆಂದು ಕೆಲವು ನಿವೃತ್ತ ಮಿತ್ರರು ಸಿದ್ಧಪಡಿಸಿದ ಪ್ರವಾಸದ ಕರಡು ಅಭಿಪ್ರಾಯಕ್ಕಾಗಿ ನನ್ನ ಮುಂದೆ ಬಂದಿತ್ತು. ಹನ್ನೊಂದು ಸ್ಥಳಗಳು, ಕೊನೆಗೆ ಅಣೆಕಟ್ಟೆಯ ಉದ್ಯಾನ. ಅರಮನೆ ಪ್ರಾಂಗಣಕ್ಕೆ ಮೀಸಲಿಟ್ಟ ಸಮಯ ಇಪ್ಪತ್ತೈದು ನಿಮಿಷ.

ಇದನ್ನು ಪ್ರವಾಸಿಗರ ಅರಸಿಕತೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಕಾರಣ ಹೆಚ್ಚು ಲೌಕಿಕವಾದುದು. ವಿಜಯ ವಿಠ್ಠಲ ದೇವಾಲಯ, ಕಮಲ ಮಹಲಿರುವ ರಾಣಿವಾಸ, ಕಮಲಾಪುರದ ವಸ್ತುಸಂಗ್ರಹಾಲಯ ಈ ಮೂರಕ್ಕೂ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಒಂದೇ ಟಿಕೆಟ್ ನಡೆಯುತ್ತದೆ; ಆದರೆ ಅದೇ ದಿನಕ್ಕೆ ಮಾತ್ರ. ಹಣ ಕೊಟ್ಟವನು ಸಹಜವಾಗಿಯೇ ಸೂರ್ಯ ಮುಳುಗುವ ಮುನ್ನ ಅದನ್ನು ವಸೂಲು ಮಾಡಿಕೊಳ್ಳಲು ಓಡುತ್ತಾನೆ. ಮಹಾನವಮಿ ದಿಬ್ಬವಿರುವ ಅರಮನೆ ಪ್ರಾಂಗಣಕ್ಕೆ ಟಿಕೆಟ್ ಇಲ್ಲ, ಆದ್ದರಿಂದ ಗಡುವೂ ಇಲ್ಲ. ಬೆಲೆ ಇಲ್ಲದ ವಸ್ತುವಿಗೆ ಉಳಿದ ಸಮಯವಷ್ಟೇ ದಕ್ಕುತ್ತದೆಂಬುದು ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಹೊಸ ಸಂಗತಿಯಲ್ಲ.

ಇನ್ನೊಂದು ತೊಡಕು ನಮ್ಮ ನಿರೀಕ್ಷೆಯದು. ಅರಮನೆ ಎಂದೊಡನೆ ಕಣ್ಣೆದುರು ನಿಲ್ಲುವುದು ಮೈಸೂರು. ಅದು 1897ರ ಬೆಂಕಿಯಲ್ಲಿ ಹಳೆಯ ಮರದ ಅರಮನೆ ಸುಟ್ಟ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ ಎದ್ದು 1912ರಲ್ಲಿ ಪೂರ್ಣಗೊಂಡ ಕಟ್ಟಡ. ಹಂಪಿಯ ಅರಮನೆಗಳ ಮೇಲ್ಭಾಗವೂ ಮರದ್ದೇ. 1565ರ ಜನವರಿಯಲ್ಲಿ ರಕ್ಕಸತಂಗಡಿಯ ಸೋಲಿನ ನಂತರ ನಗರ ಸೂರೆಹೋದಾಗ ಅವು ಉರಿದುಹೋದವು. ಅಲ್ಲಿ ಮತ್ತೆ ಕಟ್ಟುವವರು ಬರಲಿಲ್ಲ. ಉಳಿದದ್ದು ಕಲ್ಲಿನ ಜಗಲಿ, ಕಂಬ ನಿಲ್ಲಿಸುತ್ತಿದ್ದ ಗುಳಿ, ಮರದ ಬಾಗಿಲನ್ನೇ ಅನುಕರಿಸಿ ಕಡೆದು ಈಗ ನೆಲದ ಮೇಲೆ ಮಲಗಿರುವ ಕಲ್ಲಿನ ಕದಗಳು. ಸಭಾಮಂಟಪದ ನೆಲದಲ್ಲಿ ಹತ್ತು ಸಾಲು, ಸಾಲಿಗೆ ಹತ್ತರಂತೆ ಕಂಬದ ಪೀಠಗಳನ್ನು ಈಗಲೂ ಎಣಿಸಬಹುದು. ಎಣಿಸುವವರಿಗೆ ಅರಮನೆ ತಾನಾಗಿ ಮೇಲೇಳುತ್ತದೆ. ಆದರೆ ಅದಕ್ಕೆ ಇಪ್ಪತ್ತೈದು ನಿಮಿಷ ಸಾಲದು.

ಮಹಾನವಮಿ ದಿಬ್ಬವನ್ನೇ ನೋಡಿ. 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಇಮ್ಮಡಿ ದೇವರಾಯನ ಕಾಲದ ಮಹಾನವಮಿಯನ್ನು ಕಂಡು ಬರೆದಿಟ್ಟ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ವರ್ತಕ ಡೊಮಿಂಗೋ ಪಾಯಸ್ ಇನ್ನೂ ವಿವರವಾಗಿ ಬರೆದ. ನನಗೆ ಹೆಚ್ಚು ಪ್ರಿಯನಾದವನು ಅಚ್ಯುತರಾಯನ ಕಾಲದ ಕುದುರೆ ವ್ಯಾಪಾರಿ ನೂನಿಜ್. ಆತ ಹಬ್ಬದ ಜೊತೆಗೆ ಲೆಕ್ಕವನ್ನೂ ಕೊಡುತ್ತಾನೆ. ನಾಯಕರ ವಶದಲ್ಲಿದ್ದ ಭೂಮಿಯ ಉತ್ಪತ್ತಿ 120 ಲಕ್ಷ. ಅದರಲ್ಲಿ 60 ಲಕ್ಷ ಅರಸನಿಗೆ, ಮಿಕ್ಕದ್ದು ಅವರು ಸಾಕಬೇಕಾದ ಸೈನ್ಯಕ್ಕೆ ಮತ್ತು ಆನೆಗಳಿಗೆ. ಅರಸನ ಪಾಲು ಸಂದಾಯವಾಗುತ್ತಿದ್ದದ್ದು ಈ ಒಂಬತ್ತು ದಿನಗಳಲ್ಲೇ. ಅಂದರೆ ಮಹಾನವಮಿಯು ದೇವಿಯ ಹಬ್ಬವಾಗಿತ್ತು, ಸೈನ್ಯದ ತಪಾಸಣೆಯಾಗಿತ್ತು, ಜೊತೆಗೆ ಸಾಮ್ರಾಜ್ಯದ ಮಾರ್ಚ್ 31 ಕೂಡ ಆಗಿತ್ತು. ಕಂದಾಯ ವಸೂಲಿಯ ಸಭೆಗಳಲ್ಲಿ ಆಯುಷ್ಯ ಕಳೆದವರು ಆ ದಿಬ್ಬದ ಮೆಟ್ಟಿಲೇರುವಾಗ ಬಾಕಿ ಉಳಿಸಿಕೊಂಡ ನಾಯಕನ ಎದೆಬಡಿತವನ್ನು ಊಹಿಸಬಲ್ಲರು. ದಿಬ್ಬದ ಗೋಡೆಯ ಮೇಲೆ ಆನೆ, ನರ್ತಕಿಯರು, ಬೇಟೆಯ ಜೊತೆಗೆ ಕುದುರೆಯೊಂದಿಗೆ ನಿಂತ ಪರದೇಶಿ ವರ್ತಕರೂ ಇದ್ದಾರೆ. ಖರ್ಚಿನ ಬಾಬತ್ತೂ ಕಲ್ಲಿನಲ್ಲಿದೆ ಎಂದಾಯಿತು.

ಸಮೀಪದ ಮೆಟ್ಟಿಲು ಪುಷ್ಕರಣಿ ಮಣ್ಣಿನಡಿಯಿಂದ ಹೊರಬಂದದ್ದು 1980ರ ದಶಕದ ಉತ್ಖನನದಲ್ಲಿ. ಅದರ ಕಪ್ಪು ಕಲ್ಲುಗಳ ಮೇಲೆ ಬಗ್ಗಿ ನೋಡಿದರೆ ಯಾವ ಕಲ್ಲು ಯಾವ ದಿಕ್ಕಿನ ಯಾವ ಸಾಲಿಗೆ ಎಂಬ ಕುಶಲಕರ್ಮಿಗಳ ಗುರುತುಗಳು ಕಾಣುತ್ತವೆ. ಎತ್ತರದ ಕಲ್ಲಿನ ತೋಡುಗಳಲ್ಲಿ ನೀರು ಹರಿದುಬರುತ್ತಿದ್ದ ದಾರಿಯೂ ಅಲ್ಲೇ ಇದೆ. ಮಾರ್ಗದರ್ಶಿಗಳು ಇದನ್ನು ತೋರಿಸುವಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳುತ್ತದೆ.

ಮಿತ್ರರ ಕರಡಿಗೆ ನಾನು ಸೂಚಿಸಿದ ತಿದ್ದುಪಡಿ ಸರಳವಾದದ್ದು. ಹಿಂದಿನ ದಿನ ಮಧ್ಯಾಹ್ನವೇ ಹೊರಟು ಹೊಸಪೇಟೆಯಲ್ಲೋ ಕಮಲಾಪುರದಲ್ಲೋ ರಾತ್ರಿ ತಂಗುವುದು. ಬಿಸಿಲೇರುವ ಮುನ್ನ, ಕೈಯಲ್ಲಿ ಟಿಕೆಟ್ ಇಲ್ಲದ ಹೊತ್ತಿನಲ್ಲಿ, ಅರಮನೆ ಪ್ರಾಂಗಣಕ್ಕೆ ಎರಡು ಗಂಟೆ. ಅಲ್ಲಿ ನೆರಳಿಲ್ಲವಾದ್ದರಿಂದ ಕೊಡೆ, ನೀರು ಜೊತೆಗಿರಲಿ. ಅನಂತರ ಪಕ್ಕದ ಹಜಾರ ರಾಮ ದೇವಾಲಯ. ದಿಬ್ಬದ ಮೇಲೆ ನಿಂತು ಊಹಿಸಿಕೊಂಡ ಮೆರವಣಿಗೆ ಅದರ ಪ್ರಾಕಾರದ ಹೊರಗೋಡೆಯ ಮೇಲೆ ಸಾಲುಸಾಲಾಗಿ ಸಾಗುತ್ತಿರುತ್ತದೆ. ಇವೆರಡೂ ಮುಗಿದ ಮೇಲೆ ವಸ್ತುಸಂಗ್ರಹಾಲಯಕ್ಕೆ ಹೋಗಿ ಟಿಕೆಟ್ ಪಡೆದರಾಯಿತು. ಅಲ್ಲಿನ ಅಂಗಳದಲ್ಲಿ ಇಡೀ ಹಂಪಿಯ ಮಾದರಿಯಿದೆ. ಶುಕ್ರವಾರ ಅದು ಮುಚ್ಚಿರುತ್ತದೆಂಬುದನ್ನು ಮರೆಯಬಾರದು. ಹನ್ನೊಂದು ಸ್ಥಳಗಳಲ್ಲಿ ನಾಲ್ಕನ್ನು ಕೈಬಿಡಬೇಕಾಯಿತೆಂದು ಒಬ್ಬರು ಗೊಣಗಿದರು. ಗೊಣಗಲಿ.

ನಮ್ಮ ವಯಸ್ಸಿನವರದು ಹೇಗೋ ನಡೆಯುತ್ತದೆ. ಚಿಂತೆಯಿರುವುದು ಶಾಲಾ ಪ್ರವಾಸಗಳ ಬಗ್ಗೆ. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಈ ಸ್ಮಾರಕಗಳಲ್ಲಿ ಟಿಕೆಟ್ಟೇ ಇಲ್ಲ, ವಸೂಲು ಮಾಡಿಕೊಳ್ಳುವ ಅವಸರವೂ ಅವರಿಗಿಲ್ಲ. ಆದರೂ ಅವರ ಬಸ್ಸು ದೊಡ್ಡವರ ವೇಳಾಪಟ್ಟಿಯಲ್ಲೇ ಓಡುತ್ತದೆ. ಪಠ್ಯದಲ್ಲಿ ಮುತ್ತು ರತ್ನಗಳನ್ನು ಬೀದಿಯಲ್ಲಿ ಮಾರುತ್ತಿದ್ದರೆಂದು ಓದಿದ ಹುಡುಗ ಖಾಲಿ ಕಟ್ಟೆಗಳನ್ನು ಕಂಡು, ಇತಿಹಾಸವೆಂದರೆ ಉತ್ಪ್ರೇಕ್ಷೆ ಎಂದುಕೊಂಡು ಹಿಂದಿರುಗಿದರೆ ಅವನನ್ನು ದೂರುವಂತಿಲ್ಲ. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ತಾಲ್ಲೂಕುಗಳ ಮುಖ್ಯೋಪಾಧ್ಯಾಯರು ಉದ್ಯಾನದ ಕಾರಂಜಿಯನ್ನು ಪಟ್ಟಿಯಿಂದ ತೆಗೆದು ಆ ಹೊತ್ತನ್ನು ನೂರು ಕಂಬದ ನೆಲಕ್ಕೆ ಕೊಡಬಹುದು. ಮಕ್ಕಳಿಂದಲೇ ಪೀಠಗಳನ್ನು ಎಣಿಸಿಸಬಹುದು. ಇನ್ನು ಇಲಾಖೆಯವರು ಟಿಕೆಟ್ಟಿನ ಅವಧಿಯನ್ನು ಎರಡು ದಿನಕ್ಕೆ ವಿಸ್ತರಿಸುವ ಬಗ್ಗೆ ಯೋಚಿಸಲಿ. ಅವಸರ ತಗ್ಗುತ್ತದೆ, ಹೊಸಪೇಟೆಯ ವಸತಿಗೃಹಗಳಿಗೆ ಒಂದು ರಾತ್ರಿಯ ವ್ಯಾಪಾರವಾಗುತ್ತದೆ. ಸರ್ಕಾರಕ್ಕೆ ತಗಲುವ ಹೆಚ್ಚುವರಿ ವೆಚ್ಚ, ನನ್ನ ಅಂದಾಜಿನಲ್ಲಿ, ಒಂದು ರಬ್ಬರ್ ಮೊಹರಿನಷ್ಟು.